ಸಂಪಾದಕರ ಉತ್ತರ: ವಾರ್ಡಿಗೊಂದು ಸೈಕಲ್ ನಿಲ್ದಾಣ ಸಾಕೇ?

ಮೈಸೂರಿನ ‘ಟ್ರಿಣ್ ಟ್ರಿಣ್’ ಮಾದರಿಯ ಸಾರ್ವಜನಿಕ ಬೈಸಿಕಲ್ ಯೋಜನೆ ತಮ್ಮೂರಿಗೂ ಬರಬೇಕು, ಯಾವ ಬಡಾವಣೆಗೂ ಅನ್ಯಾಯವಾಗದಂತೆ ವಾರ್ಡಿಗೊಂದು ನಿಲ್ದಾಣ ಕೊಟ್ಟರೆ ಸಾಕಲ್ಲವೇ ಎಂದು ಹಾಸನದ ಓದುಗರೊಬ್ಬರು ಕೇಳಿದ್ದಾರೆ.

ತಮ್ಮ ಕಳಕಳಿ ನಮ್ಮದೂ ಹೌದು. ಆದರೆ ವಾರ್ಡಿಗೊಂದು ಎಂಬ ಲೆಕ್ಕ ಅಂಗನವಾಡಿಗೆ ಸರಿಯೇ ಹೊರತು ಸೈಕಲ್ಲಿಗಲ್ಲ. ಒಂದು ನಿಲ್ದಾಣದಲ್ಲಿ ಬಾಡಿಗೆಗೆ ಸೈಕಲ್ ತೆಗೆದುಕೊಂಡವರು ಅದನ್ನು ಯಾವುದಾದರೊಂದು ನಿಲ್ದಾಣದಲ್ಲೇ ಬಿಡಬೇಕಾದ್ದರಿಂದ, ಹೋಗುವ ಜಾಗದ ಹತ್ತಿರ ನಿಲ್ದಾಣವಿಲ್ಲದಿದ್ದರೆ ಮನೆಯ ಮುಂದಿನ ನಿಲ್ದಾಣ ಇದ್ದೂ ಇಲ್ಲದಂತೆ. ನಗರ ಸಾರಿಗೆಯ ಬಗ್ಗೆ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಟಿಡಿಪಿ 2013ರಲ್ಲಿ ಪ್ರಕಟಿಸಿದ ಮಾರ್ಗದರ್ಶಿ ಚದರ ಕಿಲೋಮೀಟರಿಗೆ 10ರಿಂದ 16 ನಿಲ್ದಾಣಗಳಿರಬೇಕೆಂದೂ, ಸೈಕಲ್ ಒಂದಕ್ಕೆ ಎರಡಕ್ಕಿಂತ ಕಡಿಮೆಯಿಲ್ಲದಂತೆ ಅದನ್ನು ಸಿಕ್ಕಿಸುವ ಕೊಂಡಿಗಳಿರಬೇಕೆಂದೂ ಹೇಳುತ್ತದೆ. 2007ರ ಜುಲೈನಲ್ಲಿ ಆರಂಭವಾದ ಪ್ಯಾರಿಸ್ಸಿನ ಸಾರ್ವಜನಿಕ ಸೈಕಲ್ ಯೋಜನೆ ‘ವೆಲಿಬ್’ ಸುಮಾರು 300 ಮೀಟರಿಗೊಂದು ನಿಲ್ದಾಣವಿಟ್ಟೇ ಜನರ ನಂಬಿಕೆ ಗಳಿಸಿತು. 2017ರ ಜೂನಿನಲ್ಲಿ 450 ಸೈಕಲ್ಲುಗಳೊಂದಿಗೆ ಶುರುವಾದ ಮೈಸೂರಿನ ಯೋಜನೆಯೂ ಅರಮನೆ, ಮೃಗಾಲಯ, ಬಸ್ ನಿಲ್ದಾಣಗಳಂಥ ಜನ ಸೇರುವ ಜಾಗಗಳನ್ನು ನೆಚ್ಚಿಕೊಂಡಿತೇ ಹೊರತು ವಾರ್ಡುಗಳ ಗಡಿಯನ್ನಲ್ಲ.

ಖಾಲಿ ಕೊಂಡಿಯ ಬೆಲೆ ಏನೆಂದು ನಾನು ಕಣ್ಣಾರೆ ಕಂಡಿದ್ದೇನೆ. ಇಳಿಜಾರಿನ ಊರೊಂದರಲ್ಲಿ ಬೆಳಗಿನ ಎಂಟೂವರೆಗೆ, ಬೆನ್ನಿಗೆ ಚೀಲ ಹಾಕಿದ್ದ ಹುಡುಗಿಯೊಬ್ಬಳು ತುಂಬಿಹೋದ ಸ್ಟ್ಯಾಂಡಿನ ಎದುರು ಸೈಕಲ್ ಹಿಡಿದು ನಿಂತಿದ್ದಳು. ಪರೀಕ್ಷೆಗೆ ಹೊತ್ತಾಗುತ್ತಿತ್ತು, ಬಿಟ್ಟುಹೋಗುವಂತಿರಲಿಲ್ಲ, ಬಾಡಿಗೆಯ ಗಡಿಯಾರವಂತೂ ಓಡುತ್ತಲೇ ಇತ್ತು. ಅಂಥ ಒಂದು ಬೆಳಗಾದ ಮೇಲೆ ಅವಳು ಮತ್ತೆ ಸೈಕಲ್ ಮುಟ್ಟಿದ್ದಾಳೆಂದು ನನಗನ್ನಿಸುವುದಿಲ್ಲ. ಇಳಿಜಾರಿನಲ್ಲಿ ಜನ ಇಳಿಯಲಷ್ಟೇ ಸೈಕಲ್ ಬಳಸುತ್ತಾರೆ. ಬಾರ್ಸಿಲೋನಾದಲ್ಲಿ ಸಮುದ್ರದ ಕಡೆಗೆ ಇಳಿದು ಸೇರುವ ಸೈಕಲ್ಲುಗಳನ್ನು ಲಾರಿಗಳು ಮತ್ತೆ ಮೇಲಕ್ಕೆ ಹೊತ್ತೊಯ್ಯಬೇಕಾಯಿತು. ಪ್ಯಾರಿಸ್ಸಿನವರು ದಿಬ್ಬದ ಮೇಲಿನ ನಿಲ್ದಾಣಕ್ಕೆ ಸೈಕಲ್ ತಂದುಬಿಟ್ಟವರಿಗೆ 15 ನಿಮಿಷ ಉಚಿತ ಸಮಯ ಕೊಟ್ಟು ನೋಡಿದರು.

ಆದ್ದರಿಂದ ಹಾಸನದಲ್ಲಿ ಬಸ್ ನಿಲ್ದಾಣ, ಬಿ.ಎಂ. ರಸ್ತೆಯ ರೈಲು ನಿಲ್ದಾಣ, ದೊಡ್ಡಾಸ್ಪತ್ರೆ, ಮಹಾರಾಜ ಉದ್ಯಾನ ಇವುಗಳ ಸುತ್ತಲಿನ ಮೂರು ಚದರ ಕಿಲೋಮೀಟರಿನೊಳಗೆ ಮೊದಲು ಮೂವತ್ತು ನಿಲ್ದಾಣಗಳನ್ನು ಕೇಳಿ. ನಿಲ್ದಾಣಕ್ಕೆ ಹತ್ತರಂತೆ ಮುನ್ನೂರು ಸೈಕಲ್ಲಾದರೆ ಕೊಂಡಿಗಳು ಆರುನೂರಾದರೂ ಇರಲಿ. ಹೊರ ಬಡಾವಣೆಗಳವರಿಗೆ ಇದು ನೋವಿನ ಮಾತೆಂದು ಬಲ್ಲೆ, ಆದರೂ ಬಲ್ಲವನಾಗಿಯೇ ಹೇಳುತ್ತಿದ್ದೇನೆ. ಮನವಿಯಲ್ಲಿ ಸೈಕಲ್ ಖರೀದಿಯ ಹಣದ ಜೊತೆಗೆ, ಅವನ್ನು ದಿನವೂ ಸಾಗಿಸುವ ವಾಹನ, ಅದರ ಡೀಸೆಲ್ ಮತ್ತು ರಿಪೇರಿಯವರ ಸಂಬಳಕ್ಕೂ ಐದು ವರ್ಷಗಳ ಹಣವನ್ನು ಬರೆದು ಕೇಳಿ.