ಗಾಳಿ ಹಾಸಿಗೆ ಹೇಗೂ ಇದೆ, ಎಷ್ಟು ಬೆಚ್ಚನೆಯ ಸ್ಲೀಪಿಂಗ್ ಬ್ಯಾಗ್ ಕೊಳ್ಳಬೇಕು?

ಬಯಲಿನಲ್ಲಿ ಗುಡಾರ ಹಾಕಿ ಮಲಗುವುದಕ್ಕೆ ಸೊನ್ನೆ ಡಿಗ್ರಿಯ ಸ್ಲೀಪಿಂಗ್ ಬ್ಯಾಗ್ ಸಾಕೋ ಅಥವಾ ಮೈನಸ್ ಹತ್ತರದ್ದೇ ಬೇಕೋ ಎಂದು ಕೇಳಿರುವ ನೀವು, ಕೆಳಗೆ ಹಾಸಲು ಗಾಳಿ ಹಾಸಿಗೆ ಹೇಗೂ ಮನೆಯಲ್ಲಿದೆ ಎಂದು ಕೊನೆಯಲ್ಲಿ ಒಂದು ಮಾತು ಸೇರಿಸಿದ್ದೀರಿ. ಆ ಮಾತನ್ನು ಓದಿದೊಡನೆ ನನ್ನ ಎಡ ಸೊಂಟದಲ್ಲಿ ಹಳೆಯ ಚಳಿಯೊಂದು ಎದ್ದು ಕುಳಿತಿತು. ಎರಡು ಬ್ಯಾಗ್‌ಗಳಿಗೆ ದುಡ್ಡು ಸುರಿದು, ಎರಡು ಪ್ರವಾಸಗಳಲ್ಲಿ ಹಲ್ಲು ಕಟಕಟಿಸಿದ ಮೇಲೆ ನಾನು ಕಲಿತದ್ದೆಲ್ಲ ಆ ಒಂದು ಮಾತಿಗೇ ಸಂಬಂಧಿಸಿದ್ದು.

ಮೊದಲ ಸಲ ನಾನೂ ಗೆಳೆಯನೊಬ್ಬನೂ ಬೆಟ್ಟದ ಇಳಿಜಾರಿನಲ್ಲಿ, ತೊರೆಯ ಪಕ್ಕದ ತಗ್ಗಿನಲ್ಲಿ ಗುಡಾರ ಹಾಕಿದ್ದೆವು. ನನ್ನದು ಹೆಬ್ಬಾತಿನ ತುಪ್ಪಳ ತುಂಬಿದ ಹೊಚ್ಚ ಹೊಸ ಡೌನ್ ಬ್ಯಾಗ್. ಅದರ ಚೀಟಿಯಲ್ಲಿ ಕಂಫರ್ಟ್ 0, ಲಿಮಿಟ್ −6 ಎಂದಿತ್ತು, ಅಂದರೆ 0 ಡಿಗ್ರಿಯವರೆಗೆ ಸುಖನಿದ್ದೆ, −6ರವರೆಗೆ ಹೇಗೋ ಮುದುಡಿಕೊಂಡು ರಾತ್ರಿ ಕಳೆಯಬಹುದು ಎಂದು. ಗೆಳೆಯನದು ವರ್ಷಗಟ್ಟಲೆ ಬಳಸಿ ಸೊರಗಿದ ಸಿಂಥೆಟಿಕ್ ಬ್ಯಾಗ್. ಜಿಪ್ಪು ಮೊಣಕಾಲಿನಿಂದ ಮೇಲಕ್ಕೆ ಬರುತ್ತಲೇ ಇರಲಿಲ್ಲ. ಅವನ ಬಗ್ಗೆ ಕನಿಕರಪಟ್ಟುಕೊಂಡೇ ನಾನು ನಿದ್ದೆ ಹೋದೆ. ರಾತ್ರಿ ಎರಡರ ಸುಮಾರಿಗೆ ಎಚ್ಚರವಾದಾಗ ಗುಡಾರದೊಳಗೆ ತೂಗುಹಾಕಿದ್ದ ಥರ್ಮಾಮೀಟರ್ 3 ಡಿಗ್ರಿ ತೋರಿಸುತ್ತಿತ್ತು. ಚೀಟಿಯ ಲೆಕ್ಕದಲ್ಲಿ ನಾನು ಇನ್ನೂ ಸುಖವಾಗಿರಬೇಕಿತ್ತು. ಆದರೆ ಸೊಂಟ, ಭುಜ, ಹಿಮ್ಮಡಿ, ಹೀಗೆ ಭಾರ ಬಿದ್ದ ಕಡೆಯಲ್ಲೆಲ್ಲ ಯಾರೋ ಒದ್ದೆ ಕಲ್ಲು ಒತ್ತಿ ಹಿಡಿದಂತಿತ್ತು. ಮಗ್ಗುಲು ಬದಲಿಸಿದರೆ ಹೊಸ ಮಗ್ಗುಲು ಹತ್ತು ನಿಮಿಷದಲ್ಲಿ ತಣ್ಣಗಾಗುತ್ತಿತ್ತು. ಇದ್ದ ಜಾಕೆಟ್ಟನ್ನೂ ಹಾಕಿಕೊಂಡು, ತಲೆಯನ್ನು ಬ್ಯಾಗಿನೊಳಗೆ ಎಳೆದುಕೊಂಡು ಮುದುಡಿದೆ. ಬೆಳಗಾಗುವ ಹೊತ್ತಿಗೆ ಉಸಿರಿನ ತೇವದಿಂದ ಕತ್ತಿನ ಬಳಿಯ ತುಪ್ಪಳವೆಲ್ಲ ಮುದ್ದೆಯಾಗಿತ್ತು. ಪಕ್ಕದಲ್ಲಿ ಗೆಳೆಯ ಗೊರಕೆ ಹೊಡೆಯುತ್ತಿದ್ದ.

ಇಲ್ಲಿಂದ ಮುಂದೆ ನಾನು ಮಾಡಿದ ತಪ್ಪನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆ ರಾತ್ರಿ ನನಗೆ ಚಳಿಯಾಯಿತು ಎಂಬುದಷ್ಟನ್ನೇ ನಾನು ಗಮನಿಸಿದೆ, ಚಳಿ ಎಲ್ಲಿಂದ ಬಂತು ಎಂಬುದನ್ನು ಗಮನಿಸಲೇ ಇಲ್ಲ. ಹೊಟ್ಟೆಯ ಮೇಲೆ, ಎದೆಯ ಮೇಲೆ ಒಂದು ಕ್ಷಣವೂ ಚಳಿಯಾಗಿರಲಿಲ್ಲ. ಮೇಲಿದ್ದ ತುಪ್ಪಳ ತನ್ನ ಕೆಲಸವನ್ನು ಚೊಕ್ಕವಾಗಿಯೇ ಮಾಡಿತ್ತು. ದೇಹ ಅಷ್ಟು ಸ್ಪಷ್ಟವಾಗಿ ಕೊಟ್ಟ ಸಾಕ್ಷಿಯನ್ನು ಬದಿಗೊತ್ತಿ, ತಯಾರಕರು ಚೀಟಿಯಲ್ಲಿ ಸುಳ್ಳು ಬರೆದಿದ್ದಾರೆ ಎಂದು ತೀರ್ಪು ಕೊಟ್ಟುಬಿಟ್ಟೆ. ಗೆಳೆಯ ಯಾಕೆ ಬೆಚ್ಚಗೆ ಮಲಗಿದ ಎಂಬ ಪ್ರಶ್ನೆ ಬಂದಾಗಲೂ, ಅವನ ಮೈಯೇ ಅಂಥದ್ದು ಎಂದುಕೊಂಡೆ. ಅವನ ಕೆಳಗೆ ಏನು ಹಾಸಿತ್ತು ಎಂದು ನೋಡುವ ವ್ಯವಧಾನ ನನಗಿರಲಿಲ್ಲ. ಮುಂದಿನ ವರ್ಷ ಕಂಫರ್ಟ್ −9 ಎಂದಿದ್ದ, ಒಂದೂವರೆ ಕಿಲೋಗೂ ಮಿಕ್ಕಿ ತೂಗುವ, ಬೆನ್ನುಚೀಲದ ಅರ್ಧವನ್ನು ನುಂಗುವ ದೊಡ್ಡ ಬ್ಯಾಗ್ ಕೊಂಡೆ. ಅದನ್ನು ಹಾಸಿದ್ದು ಮೊದಲ ಪ್ರವಾಸದಲ್ಲಿ ನನ್ನ ಕೆಳಗಿದ್ದ ಅದೇ ಗಾಳಿ ಹಾಸಿಗೆಯ ಮೇಲೆ.

ಎರಡನೆಯ ಪ್ರವಾಸದ ಮೊದಲ ರಾತ್ರಿ ಎದೆಯ ಮೇಲೆ ಬೆವರು, ಸೊಂಟದ ಕೆಳಗೆ ಹಿಮ. ಎರಡನೆಯ ರಾತ್ರಿ ಕಡಿದ ಪೊದೆಯ ಮೋಟೊಂದು ಗುಡಾರದ ತಳವನ್ನೂ ಹಾಸಿಗೆಯನ್ನೂ ಒಟ್ಟಿಗೆ ಚುಚ್ಚಿತು. ಎಚ್ಚರವಾದಾಗ ನಾನು ಬರೀ ನೆಲದ ಮೇಲಿದ್ದೆ. ಗೆಳೆಯ ಎರಡು ಫೋಮ್ ಮ್ಯಾಟ್‌ಗಳನ್ನು ಒಂದರ ಮೇಲೊಂದು ಹಾಸಿ ಮಲಗುವ ಅಭ್ಯಾಸದವನು. ನಿದ್ದೆಗಣ್ಣಿನಲ್ಲೇ ಗೊಣಗುತ್ತಾ ಒಂದನ್ನು ಎಳೆದು ನನ್ನತ್ತ ತಳ್ಳಿದ. ಒಂದು ಬೆರಳಿನಷ್ಟೂ ದಪ್ಪವಿಲ್ಲದ, ಅಂಚಿನಲ್ಲಿ ಹಲ್ಲಿನ ಗುರುತುಗಳಿದ್ದ (ಅವನ ನಾಯಿಯ ಕೃಪೆ) ಆ ಹಳೆಯ ಮ್ಯಾಟಿನ ಮೇಲೆ ಮಲಗಿದ ಅರ್ಧ ಗಂಟೆಯಲ್ಲಿ ನನಗೆ ಸೆಕೆಯಾಗತೊಡಗಿತು. ಜಿಪ್ಪನ್ನು ಎದೆಯವರೆಗೆ ಇಳಿಸಿ, ಕೈಗಳನ್ನು ಹೊರಗೆ ಹಾಕಿ, ಬೆಳಗಿನ ತನಕ ಮಲಗಿದೆ. ಥರ್ಮಾಮೀಟರ್ 2 ಡಿಗ್ರಿಯಲ್ಲಿತ್ತು.

ಆಗಿದ್ದು ಇಷ್ಟೇ. ಸ್ಲೀಪಿಂಗ್ ಬ್ಯಾಗ್ ಶಾಖವನ್ನು ಹುಟ್ಟಿಸುವುದಿಲ್ಲ. ತುಪ್ಪಳದ ಎಳೆಗಳ ನಡುವೆ ಅಲ್ಲಾಡದೆ ಸಿಕ್ಕಿಬಿದ್ದ ಗಾಳಿಯ ಮೂಲಕ, ನಮ್ಮದೇ ಮೈಶಾಖ ಸೋರಿಹೋಗುವುದನ್ನು ನಿಧಾನಗೊಳಿಸುತ್ತದೆ. ನಾವು ಅದರ ಮೇಲೆ ಮಲಗಿದಾಗ ಬೆನ್ನಡಿಯ ತುಪ್ಪಳ ಅಪ್ಪಚ್ಚಿಯಾಗಿ, ಅಲ್ಲಿ ಗಾಳಿಯೇ ಉಳಿಯುವುದಿಲ್ಲ. ನೀವು ಮೈನಸ್ ಹತ್ತರ ಬ್ಯಾಗ್ ಕೊಂಡರೂ ಮೈನಸ್ ಮೂವತ್ತರದ್ದು ಕೊಂಡರೂ ಬೆನ್ನಿನ ಕೆಳಗೆ ಉಳಿಯುವುದು ಹೆಚ್ಚುಕಡಿಮೆ ಎರಡು ಪದರ ಬಟ್ಟೆ. ಅಲ್ಲಿಂದ ಮುಂದಿನ ಕೆಲಸವೆಲ್ಲ ಹಾಸಿದ ವಸ್ತುವಿನದು. ಗಾಳಿ ಹಾಸಿಗೆಯಲ್ಲಿಯೂ ಗಾಳಿಯೇ ಇದೆಯಲ್ಲ ಎಂದು ನಿಮಗೆ ಅನ್ನಿಸಬಹುದು, ನನಗೂ ಅನ್ನಿಸಿತ್ತು. ಆದರೆ ಅಲ್ಲಿರುವುದು ದೊಡ್ಡ ಕೋಣೆಯಲ್ಲಿ ಸ್ವತಂತ್ರವಾಗಿ ಓಡಾಡುವ ಗಾಳಿ. ಪ್ರತಿ ಸಲ ಹೊರಳಿದಾಗಲೂ ಅದು ಕಲಕಿ ಮೇಲಿನ ಬಿಸುಪನ್ನು ನೆಲದ ಕಡೆಗೆ ಒಯ್ಯುತ್ತದೆ, ಮೇಲ್ಪದರದಿಂದ ಕೆಳಪದರಕ್ಕೆ ವಿಕಿರಣದ ಮೂಲಕವೂ ಶಾಖ ದಾಟುತ್ತದೆ. ಫೋಮಿನಲ್ಲಿ ಅದೇ ಗಾಳಿ ಸಾವಿರಾರು ಸಣ್ಣ ಗುಳ್ಳೆಗಳಲ್ಲಿ ಬಂದಿಯಾಗಿರುತ್ತದೆ.

ಹಾಸಿದ ವಸ್ತು ಶಾಖ ಸೋರುವುದನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವ ಸಂಖ್ಯೆಗೆ ಆರ್-ವ್ಯಾಲ್ಯೂ ಎನ್ನುತ್ತಾರೆ; ಅದು ಹೆಚ್ಚಿದಷ್ಟೂ ಹಾಸಿಗೆ ಬೆಚ್ಚಗೆ. 2018ರಲ್ಲಿ ಪ್ರಕಟವಾದ ಎಎಸ್‌ಟಿಎಂ ಎಫ್3340 ಎಂಬ ಮಾನದಂಡ ಬಂದ ಮೇಲೆ ಬೇರೆ ಬೇರೆ ತಯಾರಕರ ಮ್ಯಾಟ್‌ಗಳನ್ನು ಪರಸ್ಪರ ಹೋಲಿಸಲು ಸಾಧ್ಯವಾಗಿದೆ. ಒಳಗೆ ಏನನ್ನೂ ತುಂಬಿರದ ಗಾಳಿ ಹಾಸಿಗೆಗೆ ಸಿಗುವುದು 1ರ ಆಸುಪಾಸು ಅಥವಾ ಅದಕ್ಕೂ ಕಡಿಮೆ, ಸಾಮಾನ್ಯ ಫೋಮ್ ಮ್ಯಾಟಿಗೆ 2ರ ಹತ್ತಿರ, ಒಳಗೆ ಶಾಖನಿರೋಧಕ ಪದರಗಳಿರುವ ಊದುವ ಮ್ಯಾಟ್‌ಗಳಿಗೆ 3ರಿಂದ 6 ಅಥವಾ ಮೇಲೆ. ಈ ಸಂಖ್ಯೆಗಳನ್ನು ಕೂಡಿಸಬಹುದು ಎಂಬುದು ಬಹಳ ಉಪಯೋಗದ ವಿಷಯ: 2ರ ಫೋಮಿನ ಮೇಲೆ 3ರ ಮ್ಯಾಟ್ ಹಾಸಿದರೆ ಒಟ್ಟು 5. ಸೊನ್ನೆಯ ಆಸುಪಾಸಿನ ರಾತ್ರಿಗಳಿಗೆ 4ಕ್ಕಿಂತ ಕಡಿಮೆ ಇಟ್ಟುಕೊಂಡು ಮಲಗಲು ನಾನಂತೂ ಒಪ್ಪುವುದಿಲ್ಲ. ಫೋಮ್ ಚುಚ್ಚಿದರೂ ಸೋರುವುದಿಲ್ಲವಾದ್ದರಿಂದ ಅದನ್ನು ಕೆಳಗೇ ಹಾಸಿ, ಊದುವ ಮ್ಯಾಟಿಗೆ ಅದು ಕವಚವೂ ಆಗುತ್ತದೆ.

ಹಾಗಾಗಿ ಸೊನ್ನೆಯೋ ಮೈನಸ್ ಹತ್ತೋ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪಿಕೊಳ್ಳುತ್ತಿಲ್ಲ. ಬ್ಯಾಗಿನ ಚೀಟಿಯಲ್ಲಿರುವ ಸಂಖ್ಯೆಯೇ ಒಳ್ಳೆಯ ಮ್ಯಾಟ್ ಇದೆ ಎಂಬ ಊಹೆಯ ಮೇಲೆ ನಿಂತಿದೆ. ಹಿಂದೆ ಇಎನ್ 13537, ಈಗ ಐಎಸ್‌ಒ 23537 ಎಂಬ ಮಾನದಂಡದ ಪ್ರಕಾರ, ಒಳಉಡುಪು ಮತ್ತು ಕಾಲುಚೀಲ ತೊಡಿಸಿದ ಬಿಸಿಯಾದ ಬೊಂಬೆಯನ್ನು ಬ್ಯಾಗಿನೊಳಗೆ ಮಲಗಿಸಿ ಶಾಖ ಎಷ್ಟು ಸೋರುತ್ತದೆ ಎಂದು ಅಳೆಯುತ್ತಾರೆ, ಮತ್ತು ಆ ಬೊಂಬೆ ಮ್ಯಾಟಿನ ಮೇಲೆಯೇ ಮಲಗಿರುತ್ತದೆ. ತಯಾರಕರು ಸುಳ್ಳು ಬರೆದಿರಲಿಲ್ಲ. ಅವರ ಬೊಂಬೆ ನನಗಿಂತ ಒಳ್ಳೆಯ ಹಾಸಿಗೆಯಲ್ಲಿ ಮಲಗಿತ್ತು.

ಮ್ಯಾಟ್ ಸರಿಯಾದ ಮೇಲೆ ಬ್ಯಾಗಿನ ಆಯ್ಕೆ ಕಷ್ಟದ್ದಲ್ಲ. ಕಂಫರ್ಟ್ ಎಂಬುದು ಸಾಮಾನ್ಯ ಮಹಿಳೆಯೊಬ್ಬಳು ಮೈ ಸಡಿಲಬಿಟ್ಟು ಮಲಗಬಲ್ಲ ತಾಪಮಾನ, ಲಿಮಿಟ್ ಎಂಬುದು ಸಾಮಾನ್ಯ ಪುರುಷನೊಬ್ಬ ಮುದುಡಿಕೊಂಡು ರಾತ್ರಿ ಕಳೆಯಬಲ್ಲ ತಾಪಮಾನ. ಎಕ್ಸ್‌ಟ್ರೀಮ್ ಎಂಬ ಮೂರನೆಯ ಸಂಖ್ಯೆ ಜೀವ ಉಳಿಸಿಕೊಳ್ಳುವ ಲೆಕ್ಕ. ಅಂಗಡಿಯಲ್ಲಿ ದಪ್ಪಕ್ಷರದಲ್ಲಿ ಎದ್ದು ಕಾಣುವುದು ಅದೊಂದೇ ಆಗಿದ್ದರೆ ಆ ಬ್ಯಾಗನ್ನು ಕೆಳಗಿಡಿ. ಗಂಡಸಾಗಲಿ ಹೆಂಗಸಾಗಲಿ, ಕಂಫರ್ಟ್ ಸಂಖ್ಯೆಯನ್ನೇ ಹಿಡಿದು, ನೀವು ಎದುರಿಸಬಹುದಾದ ಅತಿ ತಣ್ಣನೆಯ ರಾತ್ರಿಗಿಂತ ಐದು ಡಿಗ್ರಿ ಕೆಳಗಿನದನ್ನು ಕೊಳ್ಳಿ ಎಂಬುದು ನನ್ನ ಹಟ. ಕೊಳ್ಳುವ ಮುನ್ನ ಅಂಗಡಿಯ ನೆಲದ ಮೇಲೆ ನಾಚಿಕೆ ಬಿಟ್ಟು ಅದರೊಳಗೆ ಮಲಗಿ ನೋಡಿ. ಭುಜದ ಬಳಿ ತುಪ್ಪಳ ಬಿಗಿದು ಚಪ್ಪಟೆಯಾಗಬಾರದು, ಪಾದದ ಬಳಿ ಖಾಲಿ ಜಾಗ ಉಳಿಯಬಾರದು, ಕತ್ತಿನ ಸುತ್ತ ಎಳೆದು ಕಟ್ಟುವ ದಪ್ಪ ಪಟ್ಟಿ ಇರಲೇಬೇಕು.

ಡೌನೋ ಸಿಂಥೆಟಿಕ್ಕೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ದಿನಗಟ್ಟಲೆ ಮಳೆಯಲ್ಲಿ ಇರುವುದಾದರೆ ಒದ್ದೆಯಾದರೂ ಒಂದಿಷ್ಟು ಬಿಸುಪು ಉಳಿಸಿಕೊಳ್ಳುವ ಸಿಂಥೆಟಿಕ್, ಉಳಿದಂತೆ ಹಗುರವಾದ ಡೌನ್, ಅದನ್ನು ನೀರು ಒಳಬಾರದ ಚೀಲದಲ್ಲಿ ಒಯ್ಯಬೇಕು ಅಷ್ಟೆ. ಎಷ್ಟೇ ಚಳಿಯಾದರೂ ಬಾಯಿ ಮೂಗುಗಳು ಬ್ಯಾಗಿನಿಂದ ಹೊರಗೇ ಇರಲಿ; ತಲೆಗೆ ಉಣ್ಣೆಯ ಟೋಪಿ ಹಾಕಿಕೊಳ್ಳಿ. ತೊರೆಯ ಪಕ್ಕದ ಸುಂದರ ತಗ್ಗು ಕಣ್ಣಿಗೆ ಬಿದ್ದರೆ ಅಲ್ಲಿ ನೀರು ತುಂಬಿಕೊಂಡು ಮೇಲಕ್ಕೆ ಬನ್ನಿ, ಏಕೆಂದರೆ ರಾತ್ರಿ ಭಾರವಾದ ತಣ್ಣನೆಯ ಗಾಳಿ ಹರಿದು ನಿಲ್ಲುವುದು ಅಲ್ಲಿಯೇ.

ಈಗ ನಾನು ಹೊತ್ತೊಯ್ಯುವುದು ನಾನು ಶಪಿಸಿದ್ದ ಆ ಮೊದಲನೆಯ ಬ್ಯಾಗನ್ನೇ, ಕೆಳಗೆ ಫೋಮ್ ಮತ್ತು ಅದರ ಮೇಲೆ ಶಾಖನಿರೋಧಕ ಮ್ಯಾಟ್. ಎರಡನೆಯ ದೈತ್ಯ ಬ್ಯಾಗ್ ತುಪ್ಪಳ ಅಮುಕದಂತೆ ಸಡಿಲವಾದ ಹತ್ತಿಯ ಚೀಲದಲ್ಲಿ ಕಪಾಟಿನೊಳಗೆ ಕುಳಿತಿದೆ. ನೀವು ಮೊದಲು ಮ್ಯಾಟಿಗೆ ದುಡ್ಡು ತೆಗೆದಿಡಿ, ಉಳಿದದ್ದರಲ್ಲಿ ಬ್ಯಾಗ್ ಕೊಳ್ಳಿ, ಆ ಗಾಳಿ ಹಾಸಿಗೆಯನ್ನು ಮನೆಗೆ ಬರುವ ನೆಂಟರಿಗೆ ಮೀಸಲಿಡಿ.