ತೊಳೆದ ನೆಲದಲ್ಲೂ ರಕ್ತ ಸಿಗುತ್ತದೆಯೇ?

ಪ್ರಶ್ನೆ: ಕೊಲೆ ನಡೆದ ಕೋಣೆಯನ್ನು ಬ್ಲೀಚ್ ಹಾಕಿ ಉಜ್ಜಿ ತೊಳೆದಿದ್ದರೂ ಲ್ಯೂಮಿನಾಲ್ ಸಿಂಪಡಿಸಿದರೆ ರಕ್ತದ ಕಲೆ ಹೊಳೆಯುತ್ತದಂತೆ. ನಿಜವೇ?

ಉತ್ತರ: ಹೊಳೆಯಬಹುದು. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವ ಹಾಗೆ, ನೀಲಿಯಾಗಿ ಹೊಳೆದದ್ದೆಲ್ಲ ರಕ್ತವಲ್ಲ. ಲ್ಯೂಮಿನಾಲ್‌ ದ್ರಾವಣ ಹಿಮೋಗ್ಲೋಬಿನ್ನಿನ ಕಬ್ಬಿಣದ ಅಂಶಕ್ಕೆ ತಾಗಿದಾಗ ಬೆಳಕು ಕೊಡುತ್ತದೆ. ಆ ಬೆಳಕು ಉಳಿಯುವುದು ಸುಮಾರು ಅರ್ಧ ನಿಮಿಷ. ಹಾಗಾಗಿ ಕೋಣೆಯನ್ನು ಕತ್ತಲು ಮಾಡಿ, ಕ್ಯಾಮೆರಾವನ್ನು ಮೊದಲೇ ಸ್ಟ್ಯಾಂಡ್ ಮೇಲೆ ನಿಲ್ಲಿಸಿಕೊಂಡು ಆಮೇಲೆ ಸಿಂಪಡಿಸುತ್ತಾರೆ. ತಾಮ್ರ, ಕೆಲವು ತರಕಾರಿಗಳ ರಸ, ನೀವು ಹೇಳಿದ ಬ್ಲೀಚ್ ಕೂಡ ಹೀಗೇ ಹೊಳೆಯುತ್ತವೆ. ಬ್ಲೀಚಿನದು ಮಿಣಮಿಣ ಮಿನುಗಿ ಬೇಗ ಆರುವ ಬೆಳಕು, ರಕ್ತದ್ದು ತುಸು ನಿಂತು ಉರಿಯುವಂಥದ್ದು. ದಿನ ಕಳೆದು ಬ್ಲೀಚ್ ಒಣಗಿದಷ್ಟೂ ಅದರ ಅಡ್ಡಿ ಕಡಿಮೆಯಾಗುತ್ತದೆ.

ಹೊಳೆದ ಜಾಗದಲ್ಲಿ ಮುಂದಿನದು ಫಿನಾಲ್ಫ್ಥಲೀನ್ ಪರೀಕ್ಷೆ. ಕಲೆಯನ್ನು ಸೋಸುಕಾಗದದ ತುದಿಯಿಂದ ಒರೆಸಿ, ಒಂದು ಹನಿ ಆಲ್ಕೊಹಾಲ್, ಒಂದು ಹನಿ ಫಿನಾಲ್ಫ್ಥಲೀನ್ ದ್ರಾವಣ ಹಾಕಿ ಕೆಲವು ಸೆಕೆಂಡು ಕಾಯಬೇಕು. ಬಣ್ಣ ಬರದಿದ್ದರೆ ಮಾತ್ರ ಹೈಡ್ರೋಜನ್ ಪೆರಾಕ್ಸೈಡ್. ಅದು ಬಿದ್ದ ತಕ್ಷಣ ಗುಲಾಬಿ ಬಣ್ಣ ಬಂದರೆ ರಕ್ತವಿರಬಹುದು. ಪೆರಾಕ್ಸೈಡಿಗೆ ಮೊದಲೇ ಗುಲಾಬಿಯಾದರೆ ಅದು ಬೇರಾವುದೋ ರಾಸಾಯನಿಕದ ಕೆಲಸ. ಬಹಳ ಹೊತ್ತಾದ ಮೇಲೆ ಗುಲಾಬಿಯಾದರೆ ಲೆಕ್ಕಕ್ಕಿಲ್ಲ, ಗಾಳಿಗೇ ಹಾಗಾಗುತ್ತದೆ. ಆತುರದಲ್ಲಿ ಫಿನಾಲ್ಫ್ಥಲೀನ್, ಪೆರಾಕ್ಸೈಡ್ ಎರಡನ್ನೂ ಒಟ್ಟಿಗೇ ಬಿಟ್ಟುಬಿಟ್ಟರೆ ಈ ವ್ಯತ್ಯಾಸವೇ ತಿಳಿಯುವುದಿಲ್ಲ. ಇಷ್ಟಾದರೂ ಅದು ಮನುಷ್ಯನ ರಕ್ತವೆಂದು ಹೇಳಲು ಬೇರೆ ಪರೀಕ್ಷೆ ಬೇಕು, ಯಾರದೆಂದು ಹೇಳಲು ಡಿಎನ್‌ಎ ಬೇಕು.

ಒಂದು ಮಾತು: ಲ್ಯೂಮಿನಾಲ್ ಕೊನೆಯ ಅಸ್ತ್ರ. ಸಿಂಪಡಿಸಿದ ನೀರಿಗೆ ಕಲೆಯ ಆಕಾರ ಹರಡಿಹೋಗುತ್ತದೆ. ಮೊದಲು ಟಾರ್ಚ್ ಹಿಡಿದು ಟೈಲ್ಸಿನ ಸಂದಿ, ಬಾಗಿಲ ಚೌಕಟ್ಟಿನ ಬುಡ, ನೀರು ಹೋಗುವ ಪೈಪಿನ ಬಾಗು, ನೆಲ ಒರೆಸಿದ ಬಟ್ಟೆ ಇವನ್ನು ನೋಡಬೇಕು. ನೆಲದ ಮೇಲ್ಮೈಯನ್ನು ಎಷ್ಟು ಉಜ್ಜಿದರೂ ಸಂದಿಯೊಳಗೆ ಇಳಿದದ್ದು ಅಲ್ಲೇ ಇರುತ್ತದೆ.

ಪ್ರಶ್ನೆ: ರಕ್ತಸಿಕ್ತ ಬಟ್ಟೆಯನ್ನು ಪ್ಲಾಸ್ಟಿಕ್ ಬಿಟ್ಟು ಕಾಗದದ ಚೀಲದಲ್ಲಿ ಏಕೆ ಕಳಿಸುತ್ತಾರೆ?

ಉತ್ತರ: ಪ್ಲಾಸ್ಟಿಕ್‌ನಲ್ಲಿ ತೇವ ಬೆವರಿ ನಿಲ್ಲುತ್ತದೆ, ಬ್ಯಾಕ್ಟೀರಿಯಾ, ಬೂಷ್ಟು ಬೆಳೆದು ಡಿಎನ್‌ಎ ಹಾಳಾಗುತ್ತದೆ. ಬಿಸಿಲಿಗೂ ಬೆಂಕಿಗೂ ಹಿಡಿಯದೆ ನೆರಳಿನ ಗಾಳಿಯಲ್ಲಿ ಒಣಗಿಸಬೇಕು. ಮಡಚುವಾಗ ಮಡಿಕೆಗಳ ನಡುವೆ ಶುದ್ಧ ಕಾಗದ ಇಡಬೇಕು, ಇಲ್ಲದಿದ್ದರೆ ಒಂದು ಕಡೆಯ ಕಲೆ ಇನ್ನೊಂದು ಕಡೆಗೆ ಅಚ್ಚೊತ್ತುತ್ತದೆ. ಒಂದು ವಸ್ತುವಿಗೆ ಒಂದೇ ಚೀಲ. ಚೀಲದ ಮುದ್ರೆ ಒಡೆದವರು ಯಾರು, ಯಾವಾಗ ಎಂಬುದು ದಾಖಲಾಗದಿದ್ದರೆ ಪ್ರಯೋಗಾಲಯದ ವರದಿ ಎಷ್ಟೇ ಚೊಕ್ಕವಾಗಿದ್ದರೂ ನ್ಯಾಯಾಲಯದಲ್ಲಿ ಪೆಟ್ಟು ತಿನ್ನುವುದು ಅಲ್ಲೇ.

ಪ್ರಶ್ನೆ: ಶಂಕಿತನ ಡಿಎನ್‌ಎ ತಾಳೆಯಾದರೆ ಅವನೇ ಕೊಲೆಗಾರ ಎಂದಾಯಿತಲ್ಲವೇ?

ಉತ್ತರ: ಇಲ್ಲ. ಆ ಕಲೆ ಯಾರದೆಂದು ಡಿಎನ್‌ಎ ಹೇಳುತ್ತದೆ. ಯಾವಾಗ, ಹೇಗೆ ಅಲ್ಲಿಗೆ ಬಂತೆಂದು ಹೇಳುವುದಿಲ್ಲ. ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ 2007ರಲ್ಲಿ ಪೊಲೀಸ್ ಅಧಿಕಾರಿಯೊಬ್ಬರ ಕೊಲೆಯಾದಾಗ ಸಿಕ್ಕ ಹೆಂಗಸೊಬ್ಬಳ ಡಿಎನ್‌ಎ, ಒಂದಕ್ಕೊಂದು ಸಂಬಂಧವಿಲ್ಲದ ಹತ್ತಾರು ಅಪರಾಧಗಳಲ್ಲೂ ಸಿಕ್ಕಿತ್ತು. ಆ ಹೆಂಗಸಿಗಾಗಿ ಹುಡುಕಿದ್ದೇ ಹುಡುಕಿದ್ದು. 2009ರಲ್ಲಿ ಗೊತ್ತಾಯಿತು: ಮಾದರಿ ಎತ್ತುವ ಹತ್ತಿಕಡ್ಡಿಗಳನ್ನು ಪ್ಯಾಕ್ ಮಾಡುತ್ತಿದ್ದ ಕೆಲಸದಾಕೆಯದು ಅದು. ಕಡ್ಡಿಗಳನ್ನು ಕ್ರಿಮಿಶುದ್ಧಿ ಮಾಡಲಾಗಿತ್ತು. ಕ್ರಿಮಿ ಸತ್ತರೂ ಡಿಎನ್‌ಎ ಉಳಿದಿತ್ತು. ಬಳಸದ ಒಂದು ಖಾಲಿ ಕಡ್ಡಿಯನ್ನೂ ಜೊತೆಗೇ ಪರೀಕ್ಷಿಸುವುದು ಇಂಥ ಎಡವಟ್ಟು ಹಿಡಿಯಲಿಕ್ಕೇ.

ಇದೇ ಡಿಎನ್‌ಎ ನಿರಪರಾಧಿಯನ್ನೂ ಬಿಡಿಸುತ್ತದೆ. ಕೊಲೆ ತನಿಖೆಯಲ್ಲಿ ಇದನ್ನು ಮೊದಲು ಬಳಸಿದ್ದು 1986ರಲ್ಲಿ, ಇಂಗ್ಲೆಂಡಿನಲ್ಲಿ. ಆಗ ಮೊದಲು ಆದದ್ದು ತಪ್ಪೊಪ್ಪಿಕೊಂಡಿದ್ದ ಹುಡುಗನ ಬಿಡುಗಡೆ; ನಿಜವಾದ ಅಪರಾಧಿಗೆ 1988ರಲ್ಲಿ ಶಿಕ್ಷೆಯಾಯಿತು.

ಪ್ರಶ್ನೆ: ಸಾವಿನ ಸಮಯವನ್ನು ನಿಮಿಷದ ಲೆಕ್ಕದಲ್ಲಿ ಹೇಳಬಹುದೇ?

ಉತ್ತರ: ಧಾರಾವಾಹಿಗಳಲ್ಲಿ ಮಾತ್ರ. ದೇಹದ ಬಿಗಿತ ದವಡೆ, ಕತ್ತಿನಲ್ಲಿ 2ರಿಂದ 4 ಗಂಟೆಯಲ್ಲಿ ಕಾಣಿಸಿ, ಸುಮಾರು 12 ಗಂಟೆಗೆ ಮೈಯೆಲ್ಲ ಹಿಡಿಯುತ್ತದೆ. ಸೆಕೆಯಲ್ಲಿ ಇದೆಲ್ಲ ಬೇಗ, ಚಳಿಯಲ್ಲಿ ನಿಧಾನ. ಆದ್ದರಿಂದ ವೈದ್ಯರು ‘ಇಷ್ಟರಿಂದ ಇಷ್ಟು ಗಂಟೆಯೊಳಗೆ’ ಎಂದೇ ಬರೆಯುತ್ತಾರೆ.