ಸೂರಿಲ್ಲದವರು ಮತ್ತು ಧಾರ್ಮಿಕ ಸಂಸ್ಥೆಗಳು: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಮನೆಯಿಲ್ಲದವರಿಗೆ ಧರ್ಮದ ಹೆಸರಿನಲ್ಲಿ ನಡೆಯುವ ಸಹಾಯದ ಕುರಿತು ಬಂದ ಪತ್ರಗಳಲ್ಲಿ ಐದನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಪ್ರಾರ್ಥನಾ ಮಂದಿರದ ಸಭಾಂಗಣ ರಾತ್ರಿಯೆಲ್ಲ ಖಾಲಿ ಬಿದ್ದಿರುತ್ತದೆ. ಬೀದಿಯಲ್ಲಿ ಮಲಗುವ ಹನ್ನೆರಡು ಮಂದಿಗೆ ಅಲ್ಲಿ ಜಾಗ ಕೊಡಬೇಕೆಂದಿದ್ದೇವೆ. ಸಿದ್ಧತೆ ಏನೇನು ಬೇಕು?

ಮೊದಲು ಟೇಪು ಹಿಡಿದು ಸಭಾಂಗಣ ಅಳೆಯಿರಿ. ವಿಪತ್ತಿನ ಸಮಯದ ವಸತಿಗೆ ಜಗತ್ತಿನಾದ್ಯಂತ ಬಳಸುವ ಸ್ಫಿಯರ್ ಮಾನದಂಡದಂತೆ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ನೆಲ ಬೇಕು. ಹನ್ನೆರಡು ಮಂದಿಗೆ 42 ಚದರ ಮೀಟರ್. ಶೌಚಾಲಯ 20 ಮಂದಿಗೆ ಒಂದಾದರೂ ಇರಬೇಕು. ಹೆಂಗಸರನ್ನೂ ಸೇರಿಸಿಕೊಳ್ಳುವುದಾದರೆ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಪ್ರತ್ಯೇಕ ಶೌಚಾಲಯ ಮತ್ತು ಮಲಗಲು ಬೇರೆ ಕೋಣೆ ಇಲ್ಲದೆ ಶುರು ಮಾಡಬೇಡಿ.

ಇಂಥ ಕಡೆ ಎಲ್ಲಕ್ಕಿಂತ ಅಪಾಯಕಾರಿ ತಪ್ಪು ಬೀಗದ್ದು. ಕಾಣಿಕೆ ಪೆಟ್ಟಿಗೆ, ಬೆಳ್ಳಿ ಸಾಮಾನು ಕಳುವಾದೀತೆಂಬ ಭಯದಿಂದ ರಾತ್ರಿ ಹೊರಗಿನಿಂದ ಬೀಗ ಜಡಿದುಬಿಡುತ್ತಾರೆ. ಬೆಂಕಿ ಬಿದ್ದರೆ ಒಳಗಿನವರ ಗತಿಯೇನು? ಬೆಲೆಬಾಳುವ ವಸ್ತುಗಳನ್ನು ಬೇರೆ ಕೋಣೆಗೆ ಸಾಗಿಸಿ ಅದಕ್ಕೆ ಬೀಗ ಹಾಕಿ; ಜನ ಮಲಗಿರುವ ಕೋಣೆಗೆ ಒಳಗಿನಿಂದ ಕೀಲಿಯಿಲ್ಲದೆ ತೆರೆಯುವ ಎರಡು ಬಾಗಿಲು ಇರಲಿ. ದೀಪ, ಧೂಪ, ಮೇಣದಬತ್ತಿ ಎಲ್ಲವೂ ಮಲಗುವ ಮುನ್ನ ಆರಿರಬೇಕು. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಡಲೇಬೇಡಿ. ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ.

ಹಾಸಿಗೆಗಳನ್ನು ಒಬ್ಬರ ತಲೆಯ ಪಕ್ಕ ಇನ್ನೊಬ್ಬರ ಕಾಲು ಬರುವಂತೆ ಹಾಸಿ, ಎದುರುಬದುರಿನ ಕಿಟಕಿಗಳನ್ನು ಸ್ವಲ್ಪವಾದರೂ ತೆರೆದಿಡಿ. ಕ್ಷಯ ಹರಡುವುದು ಗಾಳಿಯಾಡದ ಕಡೆಯೇ. ಹೊದಿಕೆಗಳಿಗೆ ನಂಬರ್ ಹಾಕಿ, ಒಬ್ಬರದು ಇನ್ನೊಬ್ಬರಿಗೆ ಹೋಗದಿರಲಿ; ತಿಗಣೆ, ಹೇನು ಸಾಯಬೇಕಾದರೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯಬೇಕು. ಇಬ್ಬರು ಸ್ವಯಂಸೇವಕರು ಪಾಳಿಯ ಮೇಲೆ ರಾತ್ರಿಯಿಡೀ ಎಚ್ಚರವಿರಬೇಕು. ಒಬ್ಬರೇ ಇದ್ದರೆ ಒಬ್ಬ ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಉಳಿದವರನ್ನು ನೋಡಿಕೊಳ್ಳಲು ಯಾರೂ ಇರುವುದಿಲ್ಲ.

ಇನ್ನು ಪಂಚಾಂಗ ನೋಡಿ. ಹಬ್ಬ, ಉತ್ಸವ, ಮದುವೆಗೆ ಸಭಾಂಗಣ ಬೇಕಾದ ದಿನವೇ ಮನೆಯಿಲ್ಲದವರನ್ನು ಹೊರಗೆ ಕಳಿಸುವ ಪ್ರಸಂಗ ಬರುತ್ತದೆ. ಜಾಗ ಸಿಗುತ್ತದೆಂದು ನಂಬಿ ಬಂದವರು ಅವತ್ತು ಬೇರೆ ಕಡೆ ನೆಲೆ ಹುಡುಕಿಕೊಂಡಿರುವುದಿಲ್ಲ. ಬದಲಿ ಜಾಗವನ್ನು ಮೊದಲೇ ಗೊತ್ತುಮಾಡಿ, ಒಂದು ವಾರ ಮುಂಚೆ ತಿಳಿಸಿ. ಹಲವು ಮಂದಿರಗಳು ಸೇರಿ ಸರದಿ ಹಂಚಿಕೊಳ್ಳುವುದೂ ಒಂದು ದಾರಿ. ಅಮೆರಿಕದ ನ್ಯೂಜೆರ್ಸಿಯಲ್ಲಿ 1986ರಲ್ಲಿ ಕ್ಯಾರೆನ್ ಓಲ್ಸನ್ ಶುರುಮಾಡಿದ, ಈಗ ಫ್ಯಾಮಿಲಿ ಪ್ರಾಮಿಸ್ ಎಂಬ ಹೆಸರಿನ ಜಾಲದಲ್ಲಿ ಒಂದೊಂದು ಮಂದಿರ ಒಂದೊಂದು ವಾರ ಕುಟುಂಬಗಳಿಗೆ ತಂಗಲು ಜಾಗ ಕೊಡುತ್ತಿತ್ತು. ದಿನಕ್ಕೊಂದು ಜಾಗ ಎಂದು ಮಾಡಿದರೆ ಗಂಟುಮೂಟೆ ಹೊತ್ತು ಅಲೆಯುವುದೇ ಅವರ ಕೆಲಸವಾಗುತ್ತದೆ. ವಾರದ ಸರದಿಯೇ ವಾಸಿ.

ಪ್ರಶ್ನೆ: ಊಟಕ್ಕೆ ಮುಂಚೆ ಎಲ್ಲರಿಂದ ಪ್ರಾರ್ಥನೆ ಮಾಡಿಸುತ್ತೇವೆ. ಅದನ್ನು ಒತ್ತಾಯ ಎಂದು ಕೆಲವರು ಆಕ್ಷೇಪಿಸುತ್ತಾರೆ. ತಪ್ಪೇ?

ತಪ್ಪು. ಹಸಿದವರಿಗೆ ‘ಬೇಡ’ ಎನ್ನುವ ಸ್ವಾತಂತ್ರ್ಯ ಇರುವುದಿಲ್ಲ. ರೆಡ್ ಕ್ರಾಸ್ ಮತ್ತು ಸ್ವಯಂಸೇವಾ ಸಂಸ್ಥೆಗಳು 1994ರಲ್ಲಿ ಒಪ್ಪಿಕೊಂಡ ನೀತಿಸಂಹಿತೆ, ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವನ್ನು ಮುಂದೊತ್ತಲು ನೆರವನ್ನು ಬಳಸಬಾರದು ಎನ್ನುತ್ತದೆ. ಧಾರ್ಮಿಕ ಸಂಸ್ಥೆಗಳೂ ಅದಕ್ಕೆ ಸಹಿ ಹಾಕಿವೆ. ಸಿಖ್ಖರ ಉಚಿತ ಸಾಮೂಹಿಕ ಊಟವಾದ ಲಂಗರ್ ಶತಮಾನಗಳಿಂದ ಇದನ್ನೇ ನಡೆಸಿಕೊಂಡು ಬಂದಿದೆ: ಯಾವ ಧರ್ಮ, ಯಾವ ಜಾತಿ ಎಂದು ಕೇಳದೆ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವುದು.

ಹಾಗೆಂದು ಪ್ರಾರ್ಥನೆ ಬಿಡಬೇಕಾಗಿಲ್ಲ. ಊಟ ಮುಗಿದ ಅರ್ಧ ಗಂಟೆಯ ನಂತರ, ಬೇರೆ ಕೋಣೆಯಲ್ಲಿ ಇಟ್ಟುಕೊಳ್ಳಿ. ಬೇಕಾದವರು ಬರುತ್ತಾರೆ, ಬೀದಿಯಲ್ಲಿರುವ ಎಷ್ಟೋ ಮಂದಿಗೆ ದೇವರ ಮೇಲಿನ ನಂಬಿಕೆಯೇ ಉಳಿದ ಆಸರೆ, ಅವರಿಗೂ ಆ ಅವಕಾಶ ಸಿಗಲಿ. ಆದರೆ ಪ್ರಾರ್ಥನೆಗೆ ಬಂದವರಿಗೆ ಮುಂದಿನ ಸಲ ಮೊದಲ ಟೋಕನ್, ಒಳ್ಳೆಯ ಹೊದಿಕೆ ಎಂದು ಶುರುವಾದರೆ ಅದೂ ಒತ್ತಾಯವೇ. ಬಡಿಸುವವರಲ್ಲಿ ಯಾರಿಗೂ ಈ ಲೆಕ್ಕ ಸಿಗದಂತೆ ನೋಡಿಕೊಳ್ಳಿ.

ಪ್ರಶ್ನೆ: ಕುಡಿತ ಬಿಟ್ಟರೆ ಮಾತ್ರ ಆಶ್ರಯ ಎಂಬ ನಿಯಮ ನಮ್ಮಲ್ಲಿದೆ. ಕುಡಿದವರನ್ನು ದೇವರ ಸನ್ನಿಧಿಗೆ ಹೇಗೆ ಬಿಟ್ಟುಕೊಳ್ಳುವುದು?

ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ವೈದ್ಯಕೀಯವಾಗಿ ಈ ನಿಯಮ ಅಪಾಯದ್ದು. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಥಟ್ಟನೆ ನಿಲ್ಲಿಸಿದರೆ ಕೈ ನಡುಕ, ಬೆವರು ಶುರುವಾಗಿ, ಒಂದೆರಡು ದಿನದಲ್ಲೇ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಭ್ರಮೆ, ಜ್ವರ ಕಾಣಿಸಿಕೊಂಡು ಪ್ರಾಣಕ್ಕೇ ಕುತ್ತು ಬಂದೀತು. ಕುಡಿತ ಬಿಡಿಸುವುದು ವೈದ್ಯರ ಕಣ್ಗಾವಲಿನಲ್ಲೇ ಆಗಬೇಕು.

ನಿಯಮವನ್ನು ಹೀಗೆ ತಿದ್ದಿಕೊಳ್ಳಿ: ಒಳಗೆ ಬಾಟಲಿ ತರುವಂತಿಲ್ಲ, ಯಾರ ಮೇಲೂ ಕೈ ಮಾಡುವಂತಿಲ್ಲ; ಕುಡಿದು ಬಂದದ್ದೇ ಕಾರಣವಾಗಿ ಹೊರಗೆ ಹಾಕುವುದಿಲ್ಲ. ಮತ್ತಿನಲ್ಲಿರುವವರನ್ನು ಅಂಗಾತ ಮಲಗಿಸದೆ ಮಗ್ಗುಲಾಗಿ ಮಲಗಿಸಿ, ವಾಂತಿ ಗಂಟಲಿಗೆ ಸಿಕ್ಕದಿರಲಿ. ಅಲುಗಾಡಿಸಿದರೂ ಎಚ್ಚರವಾಗದಿದ್ದರೆ ಆಂಬುಲೆನ್ಸ್ ಕರೆಸಿ. 1992ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ ಆರಂಭಿಸಿದ ‘ಮೊದಲು ಮನೆ’ ಪದ್ಧತಿ ಶರತ್ತಿಲ್ಲದೆ ಮನೆ ಕೊಟ್ಟು ಚಿಕಿತ್ಸೆಯನ್ನು ಅವರ ಇಷ್ಟಕ್ಕೆ ಬಿಟ್ಟಿತು. ಮನೆ ಸಿಕ್ಕವರಲ್ಲಿ ಹೆಚ್ಚಿನವರು ಅದನ್ನು ಉಳಿಸಿಕೊಂಡರು. ಯೋಗ್ಯತೆ ಸಾಬೀತುಮಾಡಿದ ಮೇಲೆಯೇ ಸೂರು ಎಂಬ ಹಳೆಯ ಕ್ರಮಕ್ಕೆ ಅದು ಉತ್ತರವಾಯಿತು.

ಪ್ರಶ್ನೆ: ಹಬ್ಬದ ದಿನ ಊಟ, ಕಂಬಳಿ ರಾಶಿ ಬೀಳುತ್ತವೆ, ಆಮೇಲೆ ಏನೂ ಇಲ್ಲ. ಏನು ಕೊಟ್ಟರೆ ಉಪಯೋಗ?

ಹೊಸ ಕಾಲುಚೀಲ, ಒಳಉಡುಪು, ಸ್ಯಾನಿಟರಿ ಪ್ಯಾಡ್. ಹಳೆಯದನ್ನು ಕೊಡಲಾಗದ ಈ ವಸ್ತುಗಳೇ ದಾನದ ರಾಶಿಯಲ್ಲಿ ಕಾಣಿಸುವುದಿಲ್ಲ. ಒದ್ದೆ ಕಾಲುಚೀಲದಲ್ಲಿ ದಿನಗಟ್ಟಲೆ ಇದ್ದ ಪಾದ ಬಿಳುಚಿ, ಮರಗಟ್ಟಿ, ಹುಣ್ಣಾಗುತ್ತದೆ. ಒಣ ಜೊತೆಯೊಂದು ಸಿಕ್ಕರೆ ಅದು ತಪ್ಪುತ್ತದೆ. ಹಬ್ಬಕ್ಕೆ ಬರುವ ಹಣವನ್ನು ವರ್ಷದ ವಾರಗಳಿಗೆ ಹಂಚಿ, ಪ್ರತಿವಾರ ಅದೇ ದಿನ ಅದೇ ಹೊತ್ತಿಗೆ ಹೋಗಿ.

ಅಡುಗೆ ಬಡಿಸುವ ತನಕ 60 ಡಿಗ್ರಿಗಿಂತ ಬಿಸಿಯಾಗಿರಲಿ. ಆರಿ ಎರಡು ಗಂಟೆ ದಾಟಿದ್ದನ್ನು ಕೊಡಬೇಡಿ. ಹಲ್ಲು ಹಾಳಾದವರು ಬಹಳ, ಮೆತ್ತಗಿನದೊಂದು ಇರಲೇಬೇಕು. ಐದಾರು ದಿನ ಏನೂ ತಿನ್ನದವರಿಗೆ ಒಮ್ಮೆಲೇ ಹೊಟ್ಟೆತುಂಬ ಬಡಿಸಿದರೆ ರಕ್ತದಲ್ಲಿ ರಂಜಕ, ಪೊಟ್ಯಾಸಿಯಂ ಕುಸಿದು ಹೃದಯಕ್ಕೆ ತೊಂದರೆಯಾಗಬಹುದು. ಅವರಿಗೆ ಸ್ವಲ್ಪವೇ ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಜಕಾತ್ ಹಣದಿಂದ ವಸತಿ ಕೇಂದ್ರ ಕಟ್ಟಬಹುದೇ? ಅನ್ಯಧರ್ಮೀಯರಿಗೆ ಕೊಡಬಹುದೇ?

ಜಕಾತ್ ಎಂದರೆ ಮುಸ್ಲಿಮರು ಕಡ್ಡಾಯವಾಗಿ ಕೊಡಬೇಕಾದ ದಾನ: ನಿಸಾಬ್ ಎಂಬ ಕನಿಷ್ಠ ಮಿತಿ ಮೀರಿ ಒಂದು ವರ್ಷ ಉಳಿದ ಸಂಪತ್ತಿನ ಶೇ. 2.5. ಅದು ಸಲ್ಲಬೇಕಾದ ಎಂಟು ವರ್ಗಗಳನ್ನು ಕುರ್‌ಆನ್ ಹೇಳುತ್ತದೆ. ಬಡವರು, ಸಾಲಗಾರರು, ದಾರಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕರು ಅದರಲ್ಲಿದ್ದಾರೆ. ಹಣ ಪಡೆಯುವವರ ಒಡೆತನಕ್ಕೇ ಹೋಗಬೇಕು ಎನ್ನುವುದು ಇಸ್ಲಾಮಿಕ್ ಕಾನೂನಿನ ಒಂದು ಪಂಥವಾದ ಹನಫಿಯ ವಿದ್ವಾಂಸರ ನಿಲುವು. ಹಾಗಾಗಿ ಕಟ್ಟಡಕ್ಕಿಂತ ಬಾಡಿಗೆ ಮುಂಗಡವನ್ನು ಅವರ ಕೈಗೇ ಕೊಡುವುದು ಸಲೀಸು. ಜಕಾತ್ ಮುಸ್ಲಿಮರಿಗಷ್ಟೇ ಎನ್ನುವ ವಿದ್ವಾಂಸರೇ ಹೆಚ್ಚು. ಇಷ್ಟಪಟ್ಟು ಕೊಡುವ ದಾನವಾದ ಸದಕಾಗೆ ಆ ಮಿತಿಯಿಲ್ಲ, ಯಾರಿಗಾದರೂ ಕೊಡಬಹುದು, ಕಟ್ಟಡಕ್ಕೂ ಹಾಕಬಹುದು. ಎರಡಕ್ಕೂ ಬೇರೆ ಬೇರೆ ಡಬ್ಬಿ, ಬೇರೆ ಬೇರೆ ಲೆಕ್ಕದ ಪುಸ್ತಕ ಇಡಿ. ಒಮ್ಮೆ ಬೆರೆತರೆ ಯಾವ ರೂಪಾಯಿ ಯಾವುದಕ್ಕೆ ಎಂದು ಆಮೇಲೆ ಬಿಡಿಸಲಾಗದು.